ನಾನೇ ಮುರಿದ ಗಾಳದ ಕೋಲು

ಗಾಳದ ಕೋಲನ್ನು ಮುರಿದದ್ದು ನಾನೇ. ತಾನಾಗಿ ಮುರಿದದ್ದಲ್ಲ, ದೊಡ್ಡ ಮೀನು ಎಳೆದು ಮುರಿದದ್ದೂ ಅಲ್ಲ. ಹೊಸ್ತಿಲಿಗೆ ಅಡ್ಡ ಇಟ್ಟು, ನಡುವೆ ಕಾಲು ಕೊಟ್ಟು, ತುದಿಯನ್ನು ಎರಡು ಕೈಯಲ್ಲಿ ಹಿಡಿದು ಮೇಲಕ್ಕೆ ಎಳೆದೆ. ನಮ್ಮ ಕುಂದಾಪುರ ಕಡೆ ಹೆಂಗಸರು ಬಲೆಯನ್ನಾಗಲಿ ಗಾಳದ ಕೋಲನ್ನಾಗಲಿ ದಾಟುವ ಕ್ರಮ ಇಲ್ಲ. ಮದುವೆಯಾಗಿ ನಲವತ್ತೆರಡು ವರ್ಷ ನಾನೂ ದಾಟಿರಲಿಲ್ಲ. ಗುಡಿಸುವಾಗ ಕೂಡ ಅದನ್ನು ಸುತ್ತಿಕೊಂಡು ಹೋಗಿ ಗುಡಿಸಿದವಳು. ಆ ದಿನ ಮೆಟ್ಟಿಯೇ ಬಿಟ್ಟೆ.

ನನ್ನ ಗಂಡ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಗಲ್ಲಕ್ಕೆ ಹಾಕಿದ ಬಿಳಿ ಪಟ್ಟಿಯ ಮೇಲೆ ರಕ್ತ ಇನ್ನೂ ಒಣಗಿರಲಿಲ್ಲ.

"ಇನ್ನ್ ಎಲ್ಲಿಗ್ ಹೋತ್ರಿ ಕಾಂಬ," ಎಂದೆ.

ಅವರು ಎರಡು ತುಂಡನ್ನು ನೋಡಿದರು, ನನ್ನನ್ನು ನೋಡಿದರು, ಕಿಟಕಿಯ ಕಡೆ ತಿರುಗಿದರು. ಬೈದಿದ್ದರೆ ನನಗೆ ಅಷ್ಟು ಆಗುತ್ತಿರಲಿಲ್ಲ. ಬೈದವರಿಗೆ ತಿರುಗಿ ಬೈಯುವುದು ನನಗೆ ಗೊತ್ತು.

ಇವರು ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಒಂದು ಸಂಸ್ಥೆಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ವಿಜ್ಞಾನಿಗಳು ಕಾಗದದಲ್ಲಿ ಬರೆದದ್ದನ್ನು ಲೋಹದಲ್ಲಿ ಕಡೆದು ಕೊಡುವ ಕೆಲಸ. ಕೂದಲೆಳೆಯಷ್ಟು ಆಚೀಚೆ ಆದರೂ ವಾಪಸು ಬರುತ್ತದೆ ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಅಲ್ಲಿಯ ಕ್ವಾರ್ಟರ್ಸಿನಲ್ಲಿ ಇದ್ದೆವು. ಡ್ಯೂಟಿ ಮುಗಿದ ಮೇಲೆ ವೇಳಿಯ ಹಿನ್ನೀರಿನ ಬದಿಗೆ ಗಾಳ ಹಾಕಲು ಹೋಗುವುದು ಇವರ ರೂಢಿ. ಕುಡಿತ ಇಲ್ಲ, ಇಸ್ಪೀಟು ಇಲ್ಲ, ಇದೊಂದು. ಕೋಲು ಅಂಗಡಿಯದ್ದಲ್ಲ. ಫೈಬರಿನ ಬರೀ ಕೊಳವೆ ತರಿಸಿ, ಹಿಡಿಕೆಯನ್ನು ಹಲಸಿನ ಮರದಲ್ಲಿ ತಾವೇ ಕಡೆದು, ದಾರ ಹಾದುಹೋಗುವ ಬಳೆಗಳನ್ನು ರೇಷ್ಮೆ ನೂಲಿನಲ್ಲಿ ಒಂದೊಂದಾಗಿ ಕಟ್ಟಿ, ವಾರ್ನಿಶ್ ಹೊಡೆದು ಮಾಡಿದ್ದು. ಎರಡು ತುಂಡು, ನಡುವೆ ಸಿಕ್ಕಿಸುವುದು. ಬಿಚ್ಚಿದರೆ ಬಸ್ಸಿನಲ್ಲಿ ಒಯ್ಯಬಹುದು. ನಾನು ಮುರಿದದ್ದು ಮೇಲಿನ ತುಂಡನ್ನು.

ನಿವೃತ್ತಿಯಾದ ಮೇಲೆ ಕೊಚ್ಚಿಗೆ ಬಂದೆವು. ಮಗಳು ಇಲ್ಲಿಯ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ಕಳಮಶ್ಶೇರಿಯಲ್ಲಿ ಫ್ಲ್ಯಾಟು. ನಾವು ಬಂದು ಸೇರಿಕೊಂಡೆವು. ಅಲ್ಲಿಂದ ವಲ್ಲಾರ್ಪಾಡಂ ಬಂದರಿಗೆ ಕಂಟೇನರ್ ಲಾರಿಗಳು ಹೋಗುವ ದೊಡ್ಡ ರಸ್ತೆ ಇದೆ. ದಾರಿಯುದ್ದಕ್ಕೂ ನೀರು, ಸೇತುವೆ. ಸೇತುವೆಯ ಕಂಬಿಗೆ ಒರಗಿಕೊಂಡು ಗಾಳ ಹಾಕುವ ಗಂಡಸರು. ಇವರಿಗೆ ಬೇರೇನು ಬೇಕು? ಬಂದ ಮೂರನೇ ದಿನಕ್ಕೇ ಜಾಗ ಹುಡುಕಿಕೊಂಡಿದ್ದರು.

ಹೋದ ವರ್ಷ ಇವರಿಗೆ ಹೃದಯದ ತೊಂದರೆ ಬಂತು. ಇಲಾಖೆಯ ಚಿಕಿತ್ಸೆಯ ಚೀಟಿ ತಿರುವನಂತಪುರದಲ್ಲಿ ನಡೆಯುವುದು, ಹಾಗಾಗಿ ಅಲ್ಲಿಗೇ ಹೋಗಿ ಎರಡು ಸ್ಟೆಂಟ್ ಹಾಕಿಸಿಕೊಂಡು ಬಂದೆವು. ಎರಡು ತಿಂಗಳು ಮನೆಯಲ್ಲೇ ಇರಬೇಕು, ಕಾರಿಡಾರಿನಲ್ಲಿ ಮಾತ್ರ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ಐದು ವಾರ ಕಳೆಯಿತು. ಒಂದು ಬೆಳಿಗ್ಗೆ ನಾನು ರೇಷನ್ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಕುರ್ಚಿ ಖಾಲಿ. ಬಾಗಿಲ ಹಿಂದೆ ಕೋಲು ಇಡುವ ಮೂಲೆಯೂ ಖಾಲಿ. ಫೋನು ಮೇಜಿನ ಮೇಲೆ ಬಿದ್ದಿತ್ತು.

ಮಧ್ಯಾಹ್ನ ಇಬ್ಬರು ಗಂಡಸರು ಆಟೋದಲ್ಲಿ ಕರೆತಂದರು. ಸೇತುವೆಯ ಕೆಳಗೆ ಕಲ್ಲಿನ ಮೇಲೆ ಇಳಿದಿದ್ದಾರೆ, ತಲೆ ತಿರುಗಿ ಬಿದ್ದಿದ್ದಾರೆ. ಅಂಗಿ ಪೂರ್ತಿ ಒದ್ದೆ, ಮುಖ ಬೂದಿಯ ಬಣ್ಣ. ನೀರಿಗೆ ಬಿದ್ದವರನ್ನು ಎಳೆದು ಹಾಕಿದ್ದು ಆ ಇಬ್ಬರಲ್ಲಿ ಒಬ್ಬ, ಕ್ಯಾಪು ಹಾಕಿದ ಮನುಷ್ಯ. ಕೋಲನ್ನೂ ಅವನೇ ಜೋಪಾನವಾಗಿ ತಂದಿದ್ದ. ಹತ್ತಿರದ ಆಸ್ಪತ್ರೆಗೆ ಹೋಗಿ ಗಲ್ಲಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದೆವು. ಬಂದ ಕೂಡಲೇ ನಾನು ಮಾಡಿದ್ದು ಇದು.

ಮುರಿಯುವಾಗ ಸಿಪ್ಪೆ ಸಿಗಿದ ಹಾಗೆ ಸದ್ದು ಬಂತು. ಫೈಬರಿನ ಎಳೆಗಳು ಗಾಜಿನ ಸೂಜಿಯ ಹಾಗೆ ಅಂಗೈಗೆ ನಾಟಿದವು. ವಾರದ ತನಕ ಕೈ ತುರಿಸುತ್ತಿತ್ತು. ಯಾರಿಗೂ ಹೇಳಲಿಲ್ಲ.

ಆಮೇಲೆ ಇವರು ಮಾತು ಬಿಟ್ಟರು ಎಂದರೆ ಸುಳ್ಳಾಗುತ್ತದೆ. ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದರು, ಬೇಡ ಎನ್ನುತ್ತಿದ್ದರು. ಕಾರಿಡಾರಿನಲ್ಲಿ ನಡೆಯುವುದನ್ನು ನಿಲ್ಲಿಸಿದರು. ಗಂಜಿ ಅರ್ಧಕ್ಕೆ ಬಿಡುತ್ತಿದ್ದರು. ಕುರ್ಚಿಯಲ್ಲೇ ನಿದ್ದೆ, ಎದ್ದರೆ ಹಾಸಿಗೆಯಲ್ಲಿ ನಿದ್ದೆ. ಲುಂಗಿ ಸೊಂಟದಲ್ಲಿ ನಿಲ್ಲದೆ ಎರಡು ಸುತ್ತು ಜಾಸ್ತಿ ಸುತ್ತಿ ಕಟ್ಟಿಕೊಳ್ಳುವ ಹಾಗಾಯಿತು. ಮಗಳು ಫೋನಿನಲ್ಲೇ ಹೊಸ ಕೋಲು ತರಿಸಿದಳು. ಉದ್ದದ ಡಬ್ಬಿ ಬಂತು. ಇವರು ಬಿಚ್ಚಲೂ ಇಲ್ಲ. ಮಗಳೇ ಬಿಚ್ಚಿ ಕೈಗೆ ಕೊಟ್ಟಳು.

"ಅಪ್ಪಾ, ಕೊಳ್ಳಾಮೋ?" ಎಂದು ಕೇಳಿದಳು. ಚೆನ್ನಾಗಿದೆಯಾ ಎಂದು. ಅವಳು ಹುಟ್ಟಿ ಬೆಳೆದದ್ದು ಕೇರಳದಲ್ಲೇ, ಕನ್ನಡದಲ್ಲಿ ಕೇಳಿದರೆ ಅರ್ಧ ಮಲಯಾಳದಲ್ಲಿ ಉತ್ತರ ಬರುತ್ತದೆ.

"ಲಾಯ್ಕಿತ್ತ್," ಎಂದು ಹೇಳಿ ಗೋಡೆಗೆ ಒರಗಿಸಿದರು. ಮತ್ತೆ ಮುಟ್ಟಲಿಲ್ಲ.

ಕೋಲು ಮುರಿದು ಎರಡು ತಿಂಗಳು ಕಳೆದ ಮೇಲೆ ತಪಾಸಣೆಗೆ ಬೆಳಗಿನ ರೈಲಿನಲ್ಲಿ ತಿರುವನಂತಪುರಕ್ಕೆ ಹೋದೆವು. ದಾರಿಯಲ್ಲಿ ಹೊಳೆಗಳು ಬರುತ್ತವೆ, ಕೊಲ್ಲಂನ ಹಿನ್ನೀರು ಬರುತ್ತದೆ. ಇವರು ಯಾವಾಗಲೂ ಕಿಟಕಿಗೆ ಮೂಗು ಒತ್ತಿ, ಅಲ್ಲಿ ಏಡಿ ಇದೆ, ಇಲ್ಲಿ ಕರಿಮೀನು ಇದೆ ಎಂದು ಹೇಳುವವರು. ಆ ದಿನ ಕಣ್ಣು ಮುಚ್ಚಿ ಕೂತಿದ್ದರು. ಆಗ ನನಗೆ ಸ್ವಲ್ಪ ಹೆದರಿಕೆಯಾಯಿತು.

ಡಾಕ್ಟರು ಹೆಂಗಸು, ನನ್ನ ಮಗಳ ಪ್ರಾಯ. ಎಲ್ಲ ಪರೀಕ್ಷೆ ಮಾಡಿ, ಇವರನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದಳು.

"ಹೃದಯಕ್ಕೆ ಏನೂ ಆಗಿಲ್ಲ ಅಮ್ಮಾ, ಕೊಳವೆಗಳು ಸರಿ ಇವೆ," ಎಂದು ಮಲಯಾಳದಲ್ಲಿ ಹೇಳಿದಳು. "ಆದರೆ ತೂಕ ಎಷ್ಟು ಇಳಿದಿದೆ ನೋಡಿ. ಕಾಲಿನ ಮಾಂಸ ಹೋಗುತ್ತಿದೆ. ಹೀಗೆ ಮಲಗಿಕೊಂಡೇ ಇದ್ದರೆ ಹೃದಯ ಅಲ್ಲ, ಬೇರೆ ಏನಾದರೂ ಕರೆದುಕೊಂಡು ಹೋಗುತ್ತದೆ. ಮೊದಲು ಇಡೀ ದಿನ ಏನು ಮಾಡುತ್ತಿದ್ದರು?"

"ಮೀನು ಹಿಡಿಯುತ್ತಿದ್ದರು."

"ಈಗ?"

"ಕೋಲು ಮುರಿದುಹಾಕಿದ್ದೇನೆ," ಎಂದೆ. ಮುಚ್ಚಿಟ್ಟು ಏನು ಪ್ರಯೋಜನ?

ಅವಳು ನಗಲಿಲ್ಲ. ಪೆನ್ನು ಕೆಳಗಿಟ್ಟಳು. "ಇನ್ನು ಹೋಗಬಹುದು. ಕಲ್ಲಿನ ಮೇಲೆ ಇಳಿಯಬಾರದು, ಬಿಸಿಲಲ್ಲಿ ನಿಲ್ಲಬಾರದು, ಒಬ್ಬರೇ ಇರಬಾರದು. ಎದೆ ಹಿಡಿದ ಹಾಗೆ ಆದರೆ ಅದೇ ಕ್ಷಣ ಕೈಯಲ್ಲಿದ್ದದ್ದನ್ನು ಬಿಟ್ಟು ಕೂರಬೇಕು, ಮಾತ್ರೆ ನಾಲಗೆಯ ಅಡಿಗೆ ಇಡಬೇಕು. ಅಷ್ಟೇ."

"ಮೀನು ಕಚ್ಚಿಕೊಂಡಿದ್ದರೆ ಇವರು ಬಿಡುತ್ತಾರಾ?"

"ಅದು ನಿಮಗೆ ಗೊತ್ತಿರಬೇಕು," ಎಂದಳು.

ನನಗೆ ಗೊತ್ತಿತ್ತು. ಬಿಡುವುದಿಲ್ಲ. ವೇಳಿಯಲ್ಲಿ ಒಮ್ಮೆ ದಾರ ಅಂಗೈಯನ್ನು ಮೂಳೆಯ ತನಕ ಕೊಯ್ದಿತ್ತು. ಮೀನನ್ನು ದಡಕ್ಕೆ ಹಾಕಿದ ಮೇಲೆಯೇ ಆಸ್ಪತ್ರೆಗೆ ಹೋದದ್ದು. ಮೂರು ಹೊಲಿಗೆ ಬಿದ್ದಿತ್ತು. ಅಂಥವರ ಕೈಗೆ ಕೋಲು ಕೊಟ್ಟರೆ ನೀರಿನ ಬದಿಯಲ್ಲಿ ಸಾಯುತ್ತಾರೆ. ಕೊಡದಿದ್ದರೆ ಕುರ್ಚಿಯಲ್ಲಿ ಸಾಯುತ್ತಾರೆ. ವಾಪಸು ರೈಲಿನಲ್ಲಿ ಬರುವಾಗ ಇದೇ ಯೋಚನೆ.

ಮನೆಗೆ ಬಂದು ಮಗಳಿಗೆ ಹೇಳಿದೆ, ಕೋಲನ್ನು ಜೋಡಿಸುತ್ತೇನೆ ಎಂದು. ತುಂಡುಗಳನ್ನು ನಾನು ಬಿಸಾಡಿರಲಿಲ್ಲ, ಅಟ್ಟದ ಕಪಾಟಿನಲ್ಲಿ ಹಾಕಿದ್ದೆ.

"ಅಮ್ಮಾ, ನಿಂಗೆ ಭ್ರಾಂತಾಣೋ? ಸರಿ ಮಾಡಿದ್ರೆ ಅಪ್ಪ ಹೋಗಲ್ವಾ? ಮತ್ತೆ ಬಿದ್ರೆ?" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಒಂದು ಕಾರ್ಯ ಮಾಡು. ನೋಡೋಕೆ ಸರಿ ಆದ್ರೆ ಮದಿ, ಅಷ್ಟೇ ಸಾಕು. ಮೇಲೆ ಚಂದ ಸುತ್ತಿ ಮನೇಲಿ ಇಡು. ಅಪ್ಪನ ಮನಸ್ಸಿಗೂ ಸಮಾಧಾನ, ಎಲ್ಲಿಗೂ ಹೋಗೋದು ಬೇಡ," ಎಂದಳು.

ನನಗೆ ಅದು ಸರಿ ಕಂಡಿತು. ಮಗಳ ತಲೆಗೆ ಹಾಕಿ ನಾನು ಜಾರಿಕೊಳ್ಳುವುದಿಲ್ಲ, ನಾನೇ ಒಪ್ಪಿದ್ದು.

ಮದುವೆಗೆ ಮೊದಲು ನಾನು ಬೀಡಿ ಕಟ್ಟಿದವಳು. ಎರಡನೇ ಕ್ಲಾಸಿಗೆ ಶಾಲೆ ಬಿಡಿಸಿ ಅದಕ್ಕೇ ಕೂರಿಸಿದ್ದರು. ದಿನಕ್ಕೆ ಸಾವಿರ. ಬೆರಳಿಗೆ ನೂಲು ಹೇಳಿಕೊಡಬೇಕಾಗಿಲ್ಲ. ಮುರಿದ ಎಳೆಗಳನ್ನು ಒತ್ತಿ ಒಳಗೆ ಸೇರಿಸಿ, ಎರಡು ಬಾಯಿ ಕೂಡಿಸಿ, ಅಂಟು ಹಚ್ಚಿ, ಮೇಲಿಂದ ಕಪ್ಪು ನೂಲನ್ನು ಒಂದರ ಪಕ್ಕ ಒಂದು ಕೂರಿಸಿ ಒಂದು ಗೇಣು ಸುತ್ತಿದೆ. ನೂಲಿನ ಕೊನೆಯನ್ನು ಸುತ್ತಿನ ಅಡಿಗೇ ಎಳೆದು ಮುಚ್ಚಿದೆ, ಗಂಟು ಕಾಣದ ಹಾಗೆ. ಕೆಳಗಿನ ತುಂಡಿಗೆ ಸಿಕ್ಕಿಸಿ ನಿಲ್ಲಿಸಿದೆ. ಮಗಳು ನೋಡಿ, "ಅಯ್ಯೋ, ಮುರಿದದ್ದು ಅಂತಾನೇ ಗೊತ್ತಾಗಲ್ಲ," ಎಂದಳು.

ಇವರ ಎದುರು ಇಟ್ಟೆ. "ಹ್ವಾಯ್, ಕಾಣಿ."

ಬಹಳ ಹೊತ್ತು ಬರೀ ನೋಡಿದರು. ಆಮೇಲೆ ತೆಗೆದುಕೊಂಡರು. ಒಂದು ಕಣ್ಣು ಮುಚ್ಚಿ ಹಿಡಿಕೆಯಿಂದ ತುದಿಯ ತನಕ ನೋಡಿದರು, ವರ್ಕ್‌ಶಾಪಿನಲ್ಲಿ ಸರಳು ನೆಟ್ಟಗಿದೆಯಾ ಎಂದು ನೋಡುವ ಹಾಗೆ. ಹೆಬ್ಬೆರಳಿನಿಂದ ಸುತ್ತನ್ನು ಒತ್ತಿದರು. ತುದಿಯನ್ನು ನೆಲಕ್ಕೆ ಕೊಟ್ಟು ಒಂದಿಷ್ಟೇ ಬಗ್ಗಿಸಿದರು. ಒಳಗಿನಿಂದ ಕಿರ್ ಎಂದು ಸದ್ದು ಬಂತು.

"ಒಳ್ಗೆ ಎಂತ ಹಾಕಿದ್ದಿ?"

ಎರಡು ತಿಂಗಳಲ್ಲಿ ಅವರಾಗಿ ನನಗೆ ಕೇಳಿದ ಮೊದಲ ಪ್ರಶ್ನೆ ಅದು.

"ಎಂತದೂ ಹಾಕ್ಲಿಲ್ಲೆ."

"ಹಾಂಗಾರೆ ಗ್ವಾಡಿಗ್ ಇಡ್. ನೀರಿಗ್ ಆತಿಲ್ಲೆ." ಗೋಡೆಗೆ ಒರಗಿಸಲು ಮಾತ್ರ ಆಗುತ್ತದೆಂದು ಕೋಲನ್ನು ನನ್ನ ಕೈಗೆ ಕೊಟ್ಟು ಮತ್ತೆ ಕಿಟಕಿಯ ಕಡೆ ತಿರುಗಿದರು.

ಬೀಡಿ ಡಿಪೋದಲ್ಲೂ ಹೀಗೇ ಇತ್ತು. ಒಳಗೆ ಹೊಗೆಸೊಪ್ಪು ಕಡಿಮೆ ಹಾಕಿ ಮೇಲೆ ಚಂದ ಕಟ್ಟಿದ ಬೀಡಿಯನ್ನು ಅಲ್ಲಿಯವರು ಹೆಬ್ಬೆರಳಲ್ಲಿ ಒತ್ತಿಯೇ ಕಂಡುಹಿಡಿಯುತ್ತಿದ್ದರು. ಎಲ್ಲರ ಎದುರು ಕಟ್ಟನ್ನು ಮುರಿದು ಬುಟ್ಟಿಗೆ ಎಸೆಯುತ್ತಿದ್ದರು. ಹುಡುಗಿಯಾಗಿದ್ದಾಗ ನಾನೂ ಎರಡು ಸಲ ಸಿಕ್ಕಿಬಿದ್ದಿದ್ದೇನೆ. ಆದರೆ ಅಲ್ಲಿ ಎಲೆ ಉಳಿಸುವ, ಸೊಪ್ಪು ಉಳಿಸುವ ಆಸೆ. ಇಲ್ಲಿ ಗಂಡನಿಗೇ ಮೋಸ ಮಾಡಲು ಹೋದೆ. ಅವರಿಗೆ ಅದು ಗೊತ್ತಾಯಿತು. ನಾಚಿಕೆಯಾಯಿತು. ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ, ತೊಳೆದ ಪಾತ್ರೆಯನ್ನೇ.

ಮರುದಿನ ಬೆಳಿಗ್ಗೆ ಮೇಲಿನ ತುಂಡನ್ನು ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿ ಸೇತುವೆಗೆ ಹೋದೆ. ಲಾರಿಗಳು ಸಾಲಾಗಿ ನಿಂತಿದ್ದವು, ದೂರದಲ್ಲಿ ಬಂದರಿನ ಕ್ರೇನುಗಳು. ಏಳೆಂಟು ಗಂಡಸರು ಕಂಬಿಗೆ ಒರಗಿ ನಿಂತಿದ್ದರು. ಹೆಂಗಸೊಬ್ಬಳು ಬಂದು ಇಳಿದಳೆಂದು ಎಲ್ಲರೂ ತಿರುಗಿ ನೋಡಿದರು. ಕ್ಯಾಪಿನವನಿಗೆ ಗುರುತು ಸಿಕ್ಕಿತು. ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವನಂತೆ.

"ಚೇಚ್ಚೀ! ಚೇಟ್ಟನ್ ಎವಿಡೆ? ಜೀವ ಇದೆ ತಾನೇ?" ಅಕ್ಕಾ, ಅಣ್ಣ ಎಲ್ಲಿ ಎಂದು ಕೇಳಿದ.

"ಇದೆ. ಕೋಲು ಮುರಿದಿದೆ," ಎಂದು ಚೀಲದಿಂದ ತೆಗೆದು ತೋರಿಸಿದೆ.

ಅವನು ನೂಲು ಸುತ್ತಿದ ಜಾಗವನ್ನು ಒತ್ತಿ ನೋಡಿದ. ಮುರಿದದ್ದು ತುದಿಯಲ್ಲಲ್ಲ, ನಟ್ಟನಡುವೆ. ಮೀನು ಮುರಿದದ್ದಲ್ಲ ಎಂದು ಅವನಿಗೆ ಕೂಡಲೇ ತಿಳಿಯಿತು. "ಇದು ಯಾರು ಮಾಡಿದ ಕೆಲಸ?"

"ನಾನು."

"ಅಪ್ಪೋ ಚೇಟ್ಟನ್ ರಕ್ಷಪ್ಪೆಟ್ಟು!" ಎಂದ ಪಕ್ಕದವರಿಗೆ, ಅಣ್ಣ ಬಚಾವಾದ ಎಂದು. "ಕೋಲು ಮಾತ್ರ ತಾನೇ ಮುರಿದದ್ದು, ಬೆನ್ನು ಉಳಿಯಿತಲ್ಲ." ಎಲ್ಲರೂ ನಕ್ಕರು. ನಗಲಿ. ನಾನು ಬಂದದ್ದು ನಗುವುದಕ್ಕಲ್ಲ, ಅಳುವುದಕ್ಕೂ ಅಲ್ಲ.

"ಒಳಗೆ ಹಾಕಲು ಏನು ಬೇಕು, ಅದನ್ನು ಹೇಳು," ಎಂದೆ.

ಆಗ ಅವನು ನಗು ಬಿಟ್ಟು ಹೇಳಿದ. ಮುರಿದ ಬಾಯಿಯನ್ನು ನೆಟ್ಟಗೆ ಕೊಯ್ಯಬೇಕು, ಸಿಗಿದ ಎಳೆ ಒಂದೂ ಉಳಿಯಬಾರದು. ಒಳಗೆ ಬಿಗಿಯಾಗಿ ಕೂರುವ ಇನ್ನೊಂದು ಫೈಬರ್ ಸರಳು ಬೇಕು. ಮರ ಹಾಕಿದರೆ ಬಗ್ಗುವುದಿಲ್ಲ, ಕಬ್ಬಿಣ ಹಾಕಿದರೆ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ತನ್ನ ಹಳೆಯ ಕೋಲಿನ ತುದಿ ಮನೆಯಲ್ಲಿ ಬಿದ್ದಿದೆ ಎಂದು ಸ್ಕೂಟರಿನಲ್ಲಿ ಹೋಗಿ ತಂದುಕೊಟ್ಟ. ಅವನು ಬರುವ ತನಕ ನಾನು ಕಂಬಿ ಹಿಡಿದು ಕೆಳಗೆ ನೋಡಿದೆ. ಇವರು ಬಿದ್ದ ಕಲ್ಲುಗಳು ಕಂಡವು. ಪಾಚಿ ಹಸಿರಾಗಿ ಅಂಟಿತ್ತು. ನೀರು ಅಲ್ಲಿ ಜೋರಾಗಿ ಎಳೆಯುತ್ತಿತ್ತು.

ಮನೆಗೆ ಬಂದು ಚಾಪೆ ಹಾಸಿ ಕೂತೆ. ಇವರ ಕುರ್ಚಿಯ ಎದುರಿಗೇ ಕೂತೆ. ನಾನು ಸುತ್ತಿದ ಚಂದದ ನೂಲನ್ನೆಲ್ಲ ಬ್ಲೇಡಿನಲ್ಲಿ ಸೀಳಿ ತೆಗೆದೆ. ಕಾಗದದ ಟೇಪು ಸುತ್ತಿ, ಅದರ ಮೇಲೆ ಕಬ್ಬಿಣ ಕೊಯ್ಯುವ ಗರಗಸದಿಂದ ಬಾಯಿ ಕೊಯ್ದೆ. ಎರಡು ಕಡೆಯೂ ಸೇರಿ ನಾಲ್ಕು ಬೆರಳು ಉದ್ದ ಹೋಯಿತು. ಅವನು ಕೊಟ್ಟ ಸರಳನ್ನು ಮೇಲಿನ ಬಾಯಿಯಿಂದ ತೂರಿಸಲು ನೋಡಿದೆ, ಹೋಗಲಿಲ್ಲ. ತಿರುಗಿಸಿ ನೋಡಿದೆ, ಸಡಿಲ. ಮರಳು ಕಾಗದದಲ್ಲಿ ಉಜ್ಜಿದೆ, ಮತ್ತೂ ಸಡಿಲ. ಅರ್ಧ ಗಂಟೆ ಹೀಗೇ ಒದ್ದಾಡಿದೆ.

"ಕೆಳ್ಗಿಂದ ಹಾಕ್," ಎಂದು ಕುರ್ಚಿಯಿಂದ ಮಾತು ಬಂತು.

ನಾನು ತಲೆ ಎತ್ತಲಿಲ್ಲ. "ಕೆಳ್ಗಿಂದ ಅಂದ್ರೆ?"

"ಸಿಕ್ಕಿಸು ಬದಿಯಿಂದ. ಸಪೂರ ತುದಿ ಮುಂದ್ ಮಾಡಿ. ಅದಾಗೇ ಹೋಯಿ ಬಿಗಿತ್ತ್."

ಹಾಗೇ ಆಯಿತು. ಸರಳು ಕೆಳಗಿನಿಂದ ಹೋಗಿ, ಮುರಿದ ಬಾಯಿಯಿಂದ ಒಂದು ಗೇಣು ಹೊರಗೆ ಬಂದು, ತಾನಾಗಿ ಬಿಗಿದು ನಿಂತಿತು. ತುದಿಯ ಕಡೆಯ ತುಂಡು ಅದರ ಮೇಲೆ ಕೂತಿತು.

"ಅಂಟ್ ಹಾಕುಕೆ ಮುಂಚೆ ಬಳೆ ಕಾಣ್. ಎಲ್ಲ ಒಂದೇ ಗೀಟಿಗ್ ಬರ್ಕ್."

"ನೀವೇ ಕಾಣಿ. ನನ್ ಕಣ್ಣಿಗ್ ಪೊರೆ."

ಕೈ ಚಾಚಿದರು. ಕೊಟ್ಟೆ. ಒಂದು ಕಣ್ಣು ಮುಚ್ಚಿ ನೋಡುತ್ತಾ ತುದಿಯನ್ನು ಅಷ್ಟಷ್ಟೇ ತಿರುಗಿಸಿದರು. ಪೆನ್ಸಿಲಿನಿಂದ ಎರಡೂ ಕಡೆ ಗುರುತು ಹಾಕಿದರು. ಅಂಟು ಎರಡು ಟ್ಯೂಬಿನದ್ದು, ಕಲಸಿ ಹಚ್ಚುವುದು. ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದು ನನಗೆ ಓದಲು ಬರುವುದಿಲ್ಲ, ಮಗಳು ಮೊದಲೇ ಹೇಳಿದ್ದಳು, ಎರಡೂ ಸಮ ಸಮ ಎಂದು. ವೀಳ್ಯದ ಸುಣ್ಣ ಕಲಸುವ ಹಾಗೆ ಹಳೆಯ ತಟ್ಟೆಯಲ್ಲಿ ಕಲಸಿದೆ. ಒಂದು ದಿನ ಒಣಗಲು ಬಿಟ್ಟೆವು. ಮರುದಿನ ನೂಲು ಸುತ್ತಿದೆ. ಈ ಸಲ ಇವರು ಒಂದು ಕಡೆ ಹಿಡಿದುಕೊಂಡಿದ್ದರು.

ನೂಲಿನ ಮೇಲೆ ಹಚ್ಚಿದ ಅಂಟು ಒಂದೇ ಬದಿಗೆ ಇಳಿಯಬಾರದು, ಗಟ್ಟಿಯಾಗುವ ತನಕ ಕೋಲನ್ನು ನಿಧಾನಕ್ಕೆ ತಿರುಗಿಸುತ್ತಲೇ ಇರಬೇಕು. ಎರಡು ಸ್ಟೂಲಿನ ಮೇಲೆ ಕೋಲನ್ನು ಅಡ್ಡ ಇಟ್ಟು ಇವರು ತಿರುಗಿಸುತ್ತಾ ಕೂತರು. ಮಧ್ಯಾಹ್ನ ಪೂರ್ತಿ ತಿರುಗಿಸಿದರು. ವರ್ಕ್‌ಶಾಪಿನಲ್ಲಿ ಲೇತಿನ ಎದುರು ಇವರು ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ಹೆಂಗಸರನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ಹೀಗೇ ಕೂರುತ್ತಿದ್ದರೇನೋ. ಗಂಜಿಯ ಬಟ್ಟಲು ಹತ್ತಿರ ಇಟ್ಟೆ. ಒಂದು ಕೈಯಲ್ಲಿ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಎಲ್ಲ ಉಂಡರು.

ಮಗಳು ಸಂಜೆ ಬಂದು ನೋಡಿದವಳು ನನ್ನನ್ನು ಅಡುಗೆಮನೆಗೆ ಎಳೆದಳು. "ಅಮ್ಮಾ, ಇದು ನಿಜವಾಗಲೂ ಸರಿ ಆಗಿದೆಯಲ್ಲಾ!"

"ಹೌದು."

"ಏನಾದ್ರೂ ಆದ್ರೆ ಯಾರು ಉತ್ತರ ಹೇಳೋದು?"

"ನಾನು ಹೇಳ್ತೆ," ಎಂದೆ. ಅವಳು ಬಾಗಿಲು ಹಾಕಿಕೊಂಡು ಅತ್ತಳು. ನಾನು ಹೋಗಿ ಸಮಾಧಾನ ಮಾಡಲಿಲ್ಲ.

ಆ ಭಾನುವಾರ ಇಬ್ಬರೂ ಹೋದೆವು. ಕಲ್ಲಿಗೆ ಇಳಿಯುವುದಿಲ್ಲ, ಸ್ಟೂಲಿನ ಮೇಲೆ ಕೂತೇ ಹಾಕುವುದು, ಒಂಬತ್ತು ಗಂಟೆಯ ಒಳಗೆ ವಾಪಸು ಎಂದು ಕರಾರು. ಹೆಂಗಸನ್ನು ಪಕ್ಕದಲ್ಲಿ ಇಟ್ಟುಕೊಂಡು ಗಾಳ ಹಾಕಲು ಇವರಿಗೆ ನಾಚಿಕೆ. ನನಗೂ ಬೇಕಾಗಿರಲಿಲ್ಲ.

"ಚೇಚ್ಚೀ, ಮುಂದಿನ ಸಲ ಯಾರ ಕೋಲು ಮುರಿಯುವುದು? ಮೊದಲೇ ಹೇಳಿ, ಬಚ್ಚಿಡುತ್ತೇವೆ," ಎಂದು ಒಬ್ಬ ಕೂಗಿದ.

"ನಿನ್ನ ಹೆಂಡತಿಯನ್ನು ಕಳುಹಿಸು, ಕಲಿಸಿಕೊಡುತ್ತೇನೆ," ಎಂದೆ. ಇವರ ತುಟಿ ಒಂದು ಬದಿಗೆ ಸ್ವಲ್ಪ ಎಳೆಯಿತು.

ಮೊದಲ ದಿನ ಇವರು ಎಸೆದ ಗಾಳ ಕಾಲಡಿಗೇ ಬಿತ್ತು. ತೋಳಿನಲ್ಲಿ ಬಲ ಇರಲಿಲ್ಲ. ಆಗ ಯಾರೂ ನಗಲಿಲ್ಲ, ಎಲ್ಲರೂ ತಮ್ಮ ತಮ್ಮ ದಾರ ನೋಡುತ್ತಿದ್ದರು. ಎರಡನೇ ವಾರ ಸ್ವಲ್ಪ ದೂರ ಹೋಯಿತು. ಮೂರನೇ ವಾರ ಎರಡು ಸಣ್ಣ ಕರಿಮೀನು ಸಿಕ್ಕಿತು. ಮನೆಯಲ್ಲಿ ಉಪ್ಪು ಕಡಿಮೆ ಹಾಕಿ ಮಾಡಿಕೊಟ್ಟೆ, ಉಪ್ಪಿಲ್ಲವೆಂದು ಗೊಣಗಿದರು. ಗೊಣಗುವುದು ಒಳ್ಳೆಯದೇ ಎಂದುಕೊಂಡೆ.

ನಾಲ್ಕನೇ ಭಾನುವಾರ ನಾನು ಅವರ ಪಕ್ಕದಲ್ಲಿ ಕೂತು ಸಣ್ಣ ಚೂರಿಯಲ್ಲಿ ಗಾಳಕ್ಕೆ ಸಿಗಡಿ ತುಂಡು ಮಾಡುತ್ತಿದ್ದೆ. ರೀಲು ಕಿರುಚಿತು. ನೋಡಿದರೆ ಕೋಲು ಬಿಲ್ಲಿನ ಹಾಗೆ ಬಗ್ಗಿದೆ, ದಾರ ನೀರಿನಲ್ಲಿ ಓಡುತ್ತಿದೆ. ಕಾಳಾಂಜಿ ಎಂದು ಎಲ್ಲರೂ ಕೂಗಿದರು. ಇಲ್ಲಿಯವರು ಕಾಳಾಂಜಿ ಎನ್ನುವುದು ದೊಡ್ಡ ಬಾಯಿಯ ಮೀನು, ಎಳೆದರೆ ಮನುಷ್ಯನನ್ನೇ ಎಳೆಯುತ್ತದೆ. ನಾನು ಮೊದಲು ನೋಡಿದ್ದು ನಾನು ಕಟ್ಟಿದ ಜಾಗವನ್ನು. ಅದು ಉಳಿದ ಕೋಲಿನ ಜೊತೆಗೇ ಬಗ್ಗಿತ್ತು. ಸದ್ದು ಇರಲಿಲ್ಲ.

ಆಮೇಲೆ ಇವರ ಮುಖ ನೋಡಿದೆ. ಮೇಲ್ತುಟಿಯಲ್ಲಿ ಬೆವರು. ಬಾಯಿ ತೆರೆದು ಉಸಿರು ಎಳೆಯುತ್ತಿದ್ದರು. ಸ್ಟೂಲಿನಿಂದ ಎದ್ದು ನಿಂತಿದ್ದರು.

"ಹ್ವಾಯ್, ಎದಿ ನೋವಾ?"

"ಸುಮ್ನಿರ್."

ಮೀನು ಒಮ್ಮೆ ಮೇಲೆ ಬಂದು ಬೆಳ್ಳಗೆ ಹೊಳೆದು ಮತ್ತೆ ಆಳಕ್ಕೆ ಹೋಯಿತು. ಇವರು ರೀಲು ಸುತ್ತಿದರು, ಬಿಟ್ಟರು, ಮತ್ತೆ ಸುತ್ತಿದರು. ಮುಖದ ಬಣ್ಣ ಹೋಗುತ್ತಿತ್ತು. ನಾನು ಚೂರಿ ಹಿಡಿದು ಎದ್ದು ನಿಂತೆ. ದಾರ ನನ್ನ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಒಂದು ಸಲ ಕೈ ಮುಂದೆ ಹೋಯಿತು ಕೂಡ. ಕೊಯ್ದರೆ ಅವರು ಉಳಿಯುತ್ತಾರೆ, ಆದರೆ ಮನೆಗೆ ಹೋಗಿ ಅದೇ ಕುರ್ಚಿಯಲ್ಲಿ ಕಿಟಕಿಯ ಕಡೆ ತಿರುಗಿ ಕೂರುತ್ತಾರೆ, ಇನ್ನು ಈ ಜನ್ಮದಲ್ಲಿ ಈಚೆಗೆ ತಿರುಗುವುದಿಲ್ಲ. ಕೊಯ್ಯದಿದ್ದರೆ ಇಲ್ಲೇ ಬೀಳಬಹುದು. ಮಗಳಿಗೆ ಉತ್ತರ ಹೇಳುತ್ತೇನೆ ಎಂದವಳು ನಾನು. ಎಷ್ಟು ಹೊತ್ತು ಹಾಗೆ ನಿಂತೆನೋ ಗೊತ್ತಿಲ್ಲ. ಬಹಳ ಅಲ್ಲ. ಆದರೆ ಆ ಹೊತ್ತನ್ನು ಇನ್ನೊಮ್ಮೆ ಯಾರಾದರೂ ಕೊಟ್ಟರೆ ನನಗೆ ಬೇಡ.

"ಹೋಯ್," ಎಂದರು. ದನಿ ಸಣ್ಣದಾಗಿತ್ತು. "ಕೊಯ್."

"ಎಂತ?"

"ದಾರ ಕೊಯ್ ಅಂದೆ. ಎದಿ ಹಿಡಿತ್ತ್."

ಕೊಯ್ದೆ. ಕೋಲು ಒಮ್ಮೆಲೇ ನೆಟ್ಟಗಾಗಿ ನಡುಗಿತು. ಸುತ್ತ ಇದ್ದವರೆಲ್ಲ ಅಯ್ಯೋ ಎಂದರು. ಇವರನ್ನು ಸ್ಟೂಲಿನ ಮೇಲೆ ಕೂರಿಸಿ ಮಾತ್ರೆಯನ್ನು ನಾಲಗೆಯ ಅಡಿಗೆ ಇಟ್ಟೆ. ಕ್ಯಾಪಿನವನು ಕ್ಯಾಪು ತೆಗೆದು ಗಾಳಿ ಹಾಕಿದ. ಹತ್ತು ನಿಮಿಷದಲ್ಲಿ ಮುಖಕ್ಕೆ ಬಣ್ಣ ವಾಪಸು ಬಂತು.

"ಪೋಯಲ್ಲೋ ಚೇಟ್ಟಾ, ಆರು ಕಿಲೋ ಇತ್ತು," ಎಂದ ಅವನು.

"ಪೋಟ್ಟೆ," ಎಂದರು ಇವರು. ಹೋಗಲಿ ಎಂದು.

ಅಷ್ಟು ವರ್ಷ ಜೊತೆಗಿದ್ದೂ ಅವರು ಕೊಯ್ ಎನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರ ಎದುರು ಗೊತ್ತಿದೆ ಎಂದುಕೊಂಡಿದ್ದೆ.

ಡಾಕ್ಟರಿಗೆ ಫೋನು ಮಾಡಿ ಹೇಳಿದೆವು. ಮಾತ್ರೆ ಬದಲಾಯಿಸಿದಳು, ಎರಡು ವಾರ ಮನೆಯಲ್ಲೇ ಇರಿ ಎಂದಳು. ಇದ್ದರು. ಕಾರಿಡಾರಿನಲ್ಲಿ ತಾವಾಗಿ ಬೆಳಿಗ್ಗೆ ಹತ್ತು ಸುತ್ತು, ಸಂಜೆ ಹತ್ತು ಸುತ್ತು ನಡೆದರು. ಮೂರನೇ ಭಾನುವಾರ ಬೆಳಿಗ್ಗೆ ಕ್ಯಾಪಿನವನು ಕೆಳಗೆ ಸ್ಕೂಟರ್ ನಿಲ್ಲಿಸಿ ಹಾರ್ನ್ ಹೊಡೆದ. ಅವನ ಜೊತೆ ಹೋಗಿ ಅವನ ಜೊತೆಯೇ ಬರುವುದೆಂದು ಗಂಡಸರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಇವರು ಕೋಲನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತರು. ನಾನು ಚಪ್ಪಲಿ ಹಾಕಿರಲಿಲ್ಲ.

"ನೀ ಬತ್ತಿಲ್ಯಾ?"

"ಇಲ್ಲೆ. ನಂಗ್ ಕೆಲ್ಸ ಇತ್ತ್. ಮಾತ್ರೆ ಕಿಸೆಯಗ್ ಇತ್ತಾ ಕಾಣಿ."

ಕಿಸೆ ಮುಟ್ಟಿ ನೋಡಿಕೊಂಡರು. "ಇತ್ತ್," ಎಂದು ಹೇಳಿ ಲಿಫ್ಟಿನ ಕಡೆ ಹೋದರು.

ಕೆಲಸ ಎಂಥದೂ ಇರಲಿಲ್ಲ. ಅವರು ವಾಪಸು ಬರುವ ತನಕ ಬಾಲ್ಕನಿಯಲ್ಲಿ ನಿಂತಿದ್ದೆ. ಈಗಲೂ ಭಾನುವಾರ ಹಾಗೇ ನಿಲ್ಲುತ್ತೇನೆ.